ಬಸಮ್ಮನ ಪಾಲಿನ ಮಾತು

ತರಗತಿಯಲ್ಲಿ ಮಕ್ಕಳ ಚರ್ಚೆ ನಡೆಸುವುದು ಹೇಗೆ ಅಂತ ಮಾಸ್ತರರಿಗೆ ತರಬೇತಿ ಕೊಡುವುದು ನನ್ನ ನೌಕರಿ. ಕಲಿಸಿದ್ದು ಹೇಗೆ ನಡೆದಿದೆ ನೋಡೋಣ ಅಂತ ದೇವದುರ್ಗದ ಕಡೆಯ ಒಂದು ಶಾಲೆಗೆ ಹೋದೆ. ಎಂಟನೇ ತರಗತಿ, ವಿಷಯ ‘ಮಕ್ಕಳಿಗೆ ಮೊಬೈಲ್ ಬೇಕೋ ಬೇಡವೋ’. ಕಿಟಕಿ ಸಾಲಿನವರು ಬೇಕು ಎಂದರು, ಗೋಡೆ ಸಾಲಿನವರು ಬೇಡ ಎಂದರು. ಒಬ್ಬರೂ ತಡವರಿಸಲಿಲ್ಲ. ನನಗೆ ಅನುಮಾನ ಬಂತು.

“ಯಾಕ ಬ್ಯಾಡವಾ?” ಎಂದು ಗೋಡೆ ಸಾಲಿನ ಶಬಾನಾಳನ್ನು ಕೇಳಿದೆ.

“ನಂದು ಇಷ್ಟೇ ರೀ ಸರ್. ಮುಂದಿಂದು ಬಸಮ್ಮಂದು.”

ನನ್ನ ತರಬೇತಿಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಸಿಟ್ಟಿನಲ್ಲಿ, ಬೆಳಿಗ್ಗೆ ನನ್ನನ್ನು ದೂರದಲ್ಲೇ ಇಳಿಸಿ ಹೋದ ಬಸ್ಸು ನೆನಪಾಗಿ, ಬೇರೆಯೇ ಪ್ರಶ್ನೆ ಕೇಳಿದೆ: “ಗಬ್ಬೂರು ಬಸ್ಸು ನಿಮ್ಮ ಸಾಲಿ ಮುಂದ ಯಾಕ ನಿಲ್ಲಂಗಿಲ್ಲ?”

“ತಪ್ಪು ಡ್ರೈವರ್‌ದು ರೀ” ಎಂದಳು ಬಸಮ್ಮ.

“ಅಲ್ಲ ರೀ, ನಮ್ಮ ಹುಡುಗ್ರು ಬಾಗಲಕ್ಕ ಜೋತು ಬೀಳ್ತಾರ” ಎಂದಳು ಶಬಾನಾ.

“ಇರೋದ ಒಂದು ಬಸ್, ಜೋತು ಬೀಳದ ಏನ್ ಮಾಡೂನು?” ಎಂದು ಹಿಂದಿನಿಂದ ಒಬ್ಬ ಎದ್ದ.

ಕಿಟಕಿ, ಗೋಡೆ ಎಲ್ಲ ಕಲಸಿಹೋಯಿತು. ನಾನು ಒಳಗೇ ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಮಾಸ್ತರರು ಟೇಬಲ್ಲಿಗೆ ಡಸ್ಟರ್ ಕುಟ್ಟಿದರು.

“ಸುಮ್ನ ಕುಂದರ್ರಿ. ಸಾಹೇಬ್ರು ಚರ್ಚೆ ನೋಡಾಕ ಬಂದಾರ.”

ಎಲ್ಲರೂ ಮತ್ತೆ ತಮ್ಮ ತಮ್ಮ ಸಾಲಿನಲ್ಲಿ ಕೂತರು. ಬಸಮ್ಮ ಎದ್ದು, ಕೈ ಕಟ್ಟಿಕೊಂಡು, ತನ್ನ ಪಾಲಿನದನ್ನು ಒಪ್ಪಿಸಿದಳು. ಮೊಬೈಲ್ ಬಂದ ಮೇಲೆ ಮಕ್ಕಳು ಮಾತಾಡುವುದನ್ನೇ ಮರೆತಿದ್ದಾರಂತೆ.