ಗ್ಯಾಸ್ ಹಾಕೋ ಹೊತ್ತಿಗೆ ಚಾ

ತೊಂಬತ್ತಾರೋ ತೊಂಬತ್ತೇಳೋ ಇರ್ಬೇಕು. ದೋಹಾದಲ್ಲಿ ನಾನು ಹೋಟ್ಲು ಪಾತ್ರೆ ತೊಳೀತಿದ್ದೆ. ಸೋಪಿನ ನೀರಿಗೆ ಬೆರಳ ಸಂದಿ ಒಡೆದು ರಕ್ತ ಬರ್ತಿತ್ತು. ಓದಿದ್ದು ಐದನೇ ಕ್ಲಾಸು. ಬೇರೆ ಕೆಲಸ ಯಾರು ಕೊಡ್ತಾರೆ? ಅಷ್ಟ್ರಲ್ಲಿ ಹೋಟ್ಲು ನಡೆಸೋ ನಮ್ಮ ಕಂಪನೀಲೇ ಎಸಿ ರಿಪೇರಿಗೆ ಒಬ್ಬ ಬೇಕು ಅಂದ ಸೂಪರ್‌ವೈಸರ್. ಗ್ಯಾಸ್ ತುಂಬೋಕೆ ಬಂದ್ರೆ ಸಾಕು, ಬಕ್ರೀದ್ ಆದ್ಮೇಲೆ ನಿನ್ನ ಕೈಯಲ್ಲಿ ಮಾಡಿಸಿ ನೋಡ್ತೀನಿ ಅಂದ. ಆ ಕೆಲಸ ನಂಗೆ ಬೇಕೇ ಬೇಕಿತ್ತು.

ದೋಹಾ ಅಲ್ ಜದೀದಾ ಅನ್ನೋ ಏರಿಯಾದಲ್ಲಿ ಮಂಗ್ಳೂರು ಕಡೆ ಬ್ಯಾರಿ ಒಬ್ರು ಎಸಿ ಮೆಕ್ಯಾನಿಕ್ ಇದ್ರು. ಎಲ್ರೂ ಉಸ್ತಾದ್ ಅಂತಿದ್ರು.

"ಸಂಬಳ ಬೇಡ. ಶುಕ್ರವಾರ ರಜಾ, ಬರ್ತೀನಿ. ಕೆಲಸ ಕಲಿಸಿ" ಅಂದೆ.

"ಸಂಬಳ ಬೇಡ ಹೇಳುವವರದ್ದೇ ಹೆದರಿಕೆ ಮಾರಾಯ" ಅಂತ ನಕ್ಕು ಕರ್ಕೊಂಡು ಹೋದ್ರು.

ಸಿಲಿಂಡರ್ ಹೊತ್ಕೊಂಡು ತಾರಸಿ ಹತ್ತೋದು ನಾನು. ಸ್ಕ್ರೂ ಬಿಚ್ಚೋದು, ಧೂಳು ತೊಳಿಯೋದು ನಾನು. ಲೀಕ್ ಮುಚ್ಚಿ, ಗ್ಯಾಸ್ ಎಷ್ಟು ಹೋಯ್ತು ಅಂತ ತೋರಿಸೋ ಗೇಜಿನ ಪೈಪ್ ಸಿಕ್ಕಿಸಿದ ತಕ್ಷಣ ಉಸ್ತಾದ್ ಅನ್ನೋರು, "ಹೋಗು, ಎರಡು ಚಾ ತಗೊಂಡು ಬಾ. ಬಿಸಿ ಇರ್ಬೇಕು, ಆಯ್ತಾ?"

ಚಾ ತರೋ ಹೊತ್ತಿಗೆ ಗ್ಯಾಸ್ ತುಂಬಿ ಆಗಿರೋದು. ಗೇಜು ಚೀಲದೊಳಗೆ. ಪಾಪ, ಮನುಷ್ಯನಿಗೆ ಚಾ ಹುಚ್ಚು ಅಂದ್ಕೊಂಡಿದ್ದೆ. ನಾಲ್ಕೈದು ಶುಕ್ರವಾರ ಕಳೆದ ಮೇಲೆ ತಲೆಗೆ ಹೋಯ್ತು.

ಮುಂದಿನ ಸಲ ಅಲ್ ಹಿಲಾಲ್ ಕಡೆ ಒಂದು ಮನೇಲಿ ಕೆಲಸ. ಹೋಟ್ಲಿಂದ ಫ್ಲಾಸ್ಕ್ ತುಂಬ್ಕೊಂಡು ಹೋದೆ. ಪೈಪ್ ಸಿಕ್ಕಿಸಿದ್ರು.

"ಹೋಗು, ಎರಡು ಚಾ..."

"ಇಲ್ಲೇ ಇದೆ ಉಸ್ತಾದ್. ಬಿಸಿ ಇದೆ."

ಫ್ಲಾಸ್ಕ್ ನೋಡಿದ್ರು, ನನ್ನ ನೋಡಿದ್ರು. "ಭಾರೀ ಉಷಾರಿ ನೀನು."

"ಬಕ್ರೀದ್ ಹತ್ರ ಬಂತು, ಆಮೇಲೆ ಕಂಪನೀಲಿ ಪರೀಕ್ಷೆ ಇದೆ. ಗ್ಯಾಸ್ ತುಂಬೋದು ನಾನು ನೋಡ್ಬೇಕು."

ಒಂದು ಗುಟುಕು ಕುಡಿದ್ರು. "ಮೊದಲು ಒಬ್ಬನಿಗೆ ಕಲಿಸಿದೆ. ಈಗ ಅವನು ನನ್ನ ಗಿರಾಕಿಗಳ ಮನೆಗೇ ಹೋಗ್ತಾನೆ. ಊರಲ್ಲಿ ಮೂರು ಹೆಣ್ಣುಮಕ್ಕಳಿದ್ದಾರೆ ನನಗೆ."

"ನಾನು ಕಂಪನೀಲಿ ಮಾಡೋದು. ನಿಮ್ಮ ಗಿರಾಕಿ ತಂಟೆಗೆ ಬರಲ್ಲ."

"ಅವನೂ ಹಾಗೇ ಹೇಳಿದ್ದ."

ಕೆಳಗಿಂದ ಮನೆಯವನು ಯಲ್ಲಾ ಯಲ್ಲಾ, ಬೇಗ ಬೇಗ ಅಂತ ಕೂಗ್ತಿದ್ದ. ಉಸ್ತಾದ್ ನಂಗೆ ಬೆನ್ನು ಕೊಟ್ಟು ಕೂತ್ರು. ನಾನು ಆ ಕಡೆ ಹೋದೆ, ಅವರು ಈ ಕಡೆ ತಿರುಗಿದ್ರು. ಮತ್ತೆ ಹೋದೆ, ಮತ್ತೆ ತಿರುಗಿದ್ರು. ಉರಿಬಿಸಿಲಲ್ಲಿ ಒಂದು ಮೆಷಿನ್ ಸುತ್ತ ಇಬ್ಬರು ಗಂಡಸರು. ಅವರು ಸಿಲಿಂಡರ್ ವಾಲ್ವ್ ತಿರುಗಿಸೋದು ಕಂಡಿತು. ಗೇಜಿನ ಮುಳ್ಳು ಏರೋದೂ ಕಂಡಿತು. ಎಲ್ಲಿ ನಿಲ್ಲಿಸಿದ್ರು ಅನ್ನೋದು ಕಾಣಲಿಲ್ಲ, ಅಂಗೈ ಅಡ್ಡ ಇಟ್ಬಿಟ್ರು.

"ಖಲಾಸ್" ಅಂದ್ರು. ಚಾ ಲೋಟ ನನ್ನ ಕೈಗೆ ಕೊಟ್ರು. ಮುಂದಿನ ಶುಕ್ರವಾರ ಅವರ ಅಂಗಡಿ ಮುಂದೆ ಬೇರೆ ಹುಡುಗ ಸಿಲಿಂಡರ್ ಹೊತ್ಕೊಂಡು ನಿಂತಿದ್ದ.

ಬಕ್ರೀದ್ ಆಯ್ತು. ಸೂಪರ್‌ವೈಸರ್ ಮುಂದೆ ಪೈಪ್ ಸರಿಯಾಗೇ ಸಿಕ್ಕಿಸಿದೆ. ತಿರುಗಿಸಿದೆ. ಮುಳ್ಳು ಏರ್ತಾ ಹೋಯ್ತು.

"ಸಾಕಾ?" ಅಂದ.

"ಸಾಕು" ಅಂದೆ.

ಮೆಷಿನ್ ಓಡ್ತು. ಗಾಳಿ ತಣ್ಣಗಾಗ್ಲೇ ಇಲ್ಲ. ಅವನು ಬೈಯಲಿಲ್ಲ, ಹೋಗು ಅಂತ ಕೈ ಸನ್ನೆ ಮಾಡಿದ. ಹೋದೆ. ಮಧ್ಯಾಹ್ನದ ಪಾತ್ರೆ ಹಾಗೇ ಬಿದ್ದಿತ್ತು.