ಮಾರದೆ ಉಳಿಸಿದ ಸಕ್ಕರೆ ಗೊಂಬೆ

ಅವಳ ಬಲಗೈಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಕುದಿಯುವ ಸಕ್ಕರೆ ಪಾಕ ತಾಗಿ ತಾಗಿ ಚರ್ಮ ನುಣ್ಣಗಾಗಿ ಹೊಳೆಯುತ್ತಿತ್ತು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವಳನ್ನು ಎಂದೂ ಒಮ್ಮೆಗೇ ಒಪ್ಪಿದ್ದಿಲ್ಲ. ಸೆರಗಿಗೆ ಬೆರಳು ಒರೆಸಿ ಒತ್ತುವಳು, ಮತ್ತೆ ಒರೆಸಿ ಒತ್ತುವಳು. ಹಿಂದೆ ನಿಂತವರು ಗೊಣಗಿದರೆ ತಿರುಗಿ, "ತಡೀರಿ, ನಾ ಇನ್ನೂ ಜೀವಂತ ಅದೀನಿ ಅಂತ ಇದಕ್ಕ ತಿಳಿಸಿ ಹೇಳಾಕತ್ತೇನಿ" ಅನ್ನುವಳು.

ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆಲ್ಲ ಅವಳು ಸಕ್ಕರಿ ಕಾಕಿ. ಕಾರ್ತಿಕದ ಗೌರಿ ಹುಣ್ಣಿಮೆಗೆ ಹುಡುಗಿಯರು ತಟ್ಟೆಯಲ್ಲಿಟ್ಟುಕೊಂಡು ಗುಡಿಗೆ ಹೋಗುತ್ತಾರಲ್ಲ, ಆ ಸಕ್ಕರೆ ಆರತಿಯ ಗೊಂಬೆಗಳನ್ನು ಎರಕ ಹೊಯ್ಯುವುದು ಅವಳ ಕಸುಬು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ. ಆತ ಬಿಟ್ಟುಹೋದ ಕಟ್ಟಿಗೆಯ ಅಚ್ಚುಗಳೇ ಅವಳ ಆಸ್ತಿ. ವರ್ಷ ಎಲ್ಲಿಗೆ ಬಂತು ಎಂದು ತಿಳಿಯಲು ಓಣಿಯ ಮಕ್ಕಳಾದ ನಾವು ಅವಳ ಕಟ್ಟೆ ನೋಡುತ್ತಿದ್ದೆವು. ಆಷಾಢದಲ್ಲಿ ಮಣ್ಣಿನ ಗುಳ್ಳವ್ವ, ಪಂಚಮಿಗೆ ನಾಗಪ್ಪ, ದೀಪಾವಳಿ ಕಳೆಯಿತೆಂದರೆ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದ ಅಚ್ಚುಗಳು, ಆಮೇಲೆ ಸಂಕ್ರಮಣದ ಕುಸುರೆಳ್ಳು.

ನವಿಲು, ಆನೆ, ಬಸವಣ್ಣನ ಅಚ್ಚು ಬಜಾರದಲ್ಲಿ ಯಾರ ಬಳಿಯಾದರೂ ಸಿಗುತ್ತವೆ. ಕಾಕಿಯ ಬಳಿ ಹೆಂಗಸರಿದ್ದರು. ಕುದುರೆ ಏರಿ ಕತ್ತಿ ಹಿಡಿದ ರಾಣಿಯ ಅಚ್ಚು ಗಂಡನ ಕಾಲದ್ದು. ಉಳಿದವನ್ನು ಅವಳೇ ಬಡಿಗನ ಬೆನ್ನು ಹತ್ತಿ ಕೆತ್ತಿಸಿದ್ದಳು. ಓಣಿಯ ಅರ್ಧ ಜನರನ್ನು ಈ ಲೋಕಕ್ಕೆ ಎಳೆದು ತಂದ ಸೂಲಗಿತ್ತಿ ಒಬ್ಬಳು. ಮನೆ ಮನೆ ಹೊಕ್ಕು, ಅಪ್ಪಂದಿರ ಜೊತೆ ಜಗಳಾಡಿ ಹೆಣ್ಣುಮಕ್ಕಳನ್ನು ಶಾಲೆಗೆ ಕರೆದೊಯ್ದು ಕಲಿಸಿದ ಅಕ್ಕೋರು ಇನ್ನೊಬ್ಬರು. ಇವರನ್ನೆಲ್ಲ ಯಾಕೆ ಗೊಂಬೆ ಮಾಡಿದ್ದೀ ಎಂದು ಕೇಳಿದರೆ, "ರಾಣಿ ಒಬ್ಬಾಕೀನ ಇದ್ದಳೇನ ಊರಾಗ? ಉಳಿದಾವ್ರು ಎಲ್ಲೆ ಹೋದ್ರು ಮತ್ತ? ತಿನ್ನು. ತಿಂದರ ನೆನಪಿರತೈತಿ" ಅನ್ನುತ್ತಿದ್ದಳು. ನಾನು ಪ್ರತಿ ವರ್ಷ ಅಕ್ಕೋರ ತಲೆಯನ್ನೇ ಮೊದಲು ಕಡಿಯುತ್ತಿದ್ದೆ.

ನಾನು ದೊಡ್ಡವಳಾದ ಮೇಲೆ ಇನ್ನೊಂದು ಅಚ್ಚು ಬಂತು. ಮೈತುಂಬ ಸೆರಗು ಹೊದ್ದು ನಿಂತ ಎಳೆಯ ಹುಡುಗಿ. ಅದರಲ್ಲಿ ವರ್ಷಕ್ಕೊಂದೇ ಗೊಂಬೆ ಎರೆದು ಗೋಡೆಯ ಮಾಡದಲ್ಲಿ ಇಡುತ್ತಿದ್ದಳು, ಮಾರುತ್ತಿರಲಿಲ್ಲ, ಯಾರಿಗೂ ತಿನ್ನಲು ಕೊಡುತ್ತಿರಲಿಲ್ಲ. ಯಾರದು ಎಂದು ಕೇಳಿದವರಿಗೆ ಉತ್ತರವೂ ಇರಲಿಲ್ಲ. ಕೊನೆಗೆ ಅದು ಇರುವೆಗಳ ಪಾಲು.

ಆ ಹುಡುಗಿ ಯಾರೆಂದು ಗೊತ್ತಾದದ್ದು ನನ್ನ ಮದುವೆ ಗೊತ್ತಾದಾಗ. ನನಗೆ ಮೂವತ್ತು ದಾಟಿತ್ತು. ಅಪ್ಪನದು ಗುಂಡಿ, ದಾರ ಮಾರುವ ಸಣ್ಣ ಅಂಗಡಿ, ಎದೆನೋವು ಒಮ್ಮೆ ಬಂದು ಹೋಗಿತ್ತು. ಅಮರಗೋಳದ ಕಾಳುಕಡಿ ದಲ್ಲಾಲಿ ಮನೆತನದಿಂದ ಸಂಬಂಧ ಬಂತು. ಹುಡುಗನಿಗೆ ಎರಡನೆಯದು. ಮೊದಲ ಹೆಂಡತಿ ಕಾಮಣಿ ಬೇನೆಯಾಗಿ ತೀರಿಕೊಂಡಳು ಎಂದಿದ್ದರು. ಅಪ್ಪ ಹೂಂ ಅಂದುಬಿಟ್ಟ.

ನಮ್ಮ ಕಡೆ ನಿಶ್ಚಯವಾದ ಹುಡುಗಿಗೆ ಗೌರಿ ಹುಣ್ಣಿಮೆಯಂದು ಗಂಡಿನವರು ಸೀರೆ, ಹೂವು, ಸಕ್ಕರೆ ಆರತಿ ತಂದು ಉಡಿ ತುಂಬಬೇಕು. ಹಾಗಾಗಿ ಹುಡುಗನ ತಾಯಿ ಆರತಿ ಹೇಳಿಹೋಗಲು ಕಾಕಿಯ ಕಟ್ಟೆಗೇ ಬಂದಳು. ಹಿಂದಿನ ಸೊಸೆಗೂ ಇಲ್ಲಿಂದಲೇ ಒಯ್ದಿದ್ದೆವು, ಛಲೋ ಇದ್ದವು, ಅಂಥವೇ ಮಾಡಿಕೊಡಿ ಅಂದಳಂತೆ! ತಮ್ಮ ಮನೆಯ ಸುದ್ದಿ ಆರತಿ ಮಾಡುವವಳಿಗೆ ಏನು ಗೊತ್ತಿದ್ದೀತು ಎಂಬ ಧೈರ್ಯ. ಯಾವ ಮನೆಗೆ ಎಂದು ಕಾಕಿ ಕೇಳಿದಳು. ನಮ್ಮ ಅಪ್ಪನ ಹೆಸರು ಹೇಳಿದಳು. ಕಾಕಿ ಆರತಿ ಮಾಡಿಕೊಡುವುದಿಲ್ಲ ಎಂದು ಕಳಿಸಿದಳು.

ಆ ಮೊದಲ ಸೊಸೆ ಮದುವೆಯಾದ ಮರುವರ್ಷ ನಾದಿನಿಗೆ ಆರತಿ ಒಯ್ಯಲು ಕಾಕಿಯ ಬಳಿ ಬಂದಿದ್ದಳು. ಗೊಂಬೆ ಎತ್ತಿಕೊಳ್ಳುವಾಗ ಸೆರಗು ಜಾರಿತು. ಭುಜದಿಂದ ಮೊಣಕೈವರೆಗೆ ಸುಟ್ಟ ಗಾಯ. ಚಹಾ ಚೆಲ್ಲಿಕೊಂಡೆ ಅಂದಳು. ಬದುಕೆಲ್ಲ ಪಾಕದಲ್ಲಿ ಕೈ ಸುಟ್ಟುಕೊಂಡ ಕಾಕಿ ಅದನ್ನು ನಂಬಲಿಲ್ಲ, ಬಿಡದೆ ಕೇಳಿದಳು. ಹುಡುಗಿ ಅತ್ತು, ಅತ್ತೆಯ ಕೆಲಸವೆಂದು ಒಪ್ಪಿ, ಯಾರಿಗೂ ಹೇಳಬೇಡಿ ಎಂದು ಕೈ ಹಿಡಿದುಕೊಂಡಳು. ಕಾಕಿ ಮಾತು ಕೊಟ್ಟಳು, ಮಾತಿನಂತೆ ನಡೆದಳು. ಬೇಸಿಗೆ ಬರುವಷ್ಟರಲ್ಲಿ ಹುಡುಗಿ ಅಡಿಗೆಮನೆಯಲ್ಲಿ ಸುಟ್ಟು ಸತ್ತ ಸುದ್ದಿ ಬಂತು. ಬಡಿಗನ ಬಳಿ ಹೋಗಿ ಆ ಅಚ್ಚು ಕೆತ್ತಿಸಿದ್ದು ಆಗ.

ಇದನ್ನೆಲ್ಲ ಕಾಕಿ ಅಂಗಡಿಗೆ ಹೋಗಿ ಅಪ್ಪನಿಗೆ ಹೇಳಿದಳು. ಅಪ್ಪ ಕೇಳಿಸಿಕೊಂಡು, ಊರ ಮಾತಿಗೆ ತಲೆ ಕೆಡಿಸಿಕೊಳ್ಳಬಾರದು ಅಂದ. ನಿಶ್ಚಯ ಮುರಿದ ಹುಡುಗಿಯನ್ನು ಮತ್ತೆ ಯಾರು ಕೇಳುತ್ತಾರೆ ಎಂಬುದು ಅವನ ಭಯ. ನನಗಾಗಲಿ ಅವ್ವನಿಗಾಗಲಿ ಒಂದು ಮಾತು ಹೇಳಲಿಲ್ಲ.

ಹುಣ್ಣಿಮೆಯ ಸಂಜೆ ಬೀಗರು ಬೇರೆ ಕಡೆಯಿಂದ ಆರತಿ ತಂದರು. ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ನಾನು ಹೊಸ ಸೀರೆಯಲ್ಲಿ ಮಣೆಯ ಮೇಲೆ. ಇಂಥ ಕಾರ್ಯಕ್ಕೆ ವಿಧವೆಯನ್ನು ಕರೆಯುವುದಿಲ್ಲ, ಕಾಕಿಯೂ ಎಂದೂ ಬಂದವಳಲ್ಲ. ಅಂದು ನೇರ ಒಳಗೆ ಬಂದಳು. ಮಾಡದಲ್ಲಿರುತ್ತಿದ್ದ ಆ ಗೊಂಬೆಯನ್ನು ಬೀಗಿತಿಯ ತಟ್ಟೆಯಲ್ಲಿ, ಅವರ ಆರತಿಗಳ ನಡುವೆ ಇಟ್ಟಳು.

"ಈಕೀನ ಗುರುತ ಹಿಡೀರಿ" ಅಂದಳು. "ತೋಳು ಸುಟ್ಟಿದ್ದು ಕಾಣಬಾರದಂತ ಸೆರಗ ಹೊದಿಸೇನಿ."

ಬೀಗಿತಿಯ ಮುಖ ಬಿಳಿಚಿಕೊಂಡಿತು. "ಮುಂಡಿ ಮುಟ್ಟಿದ ಆರತಿ ಒಳಗ ಬಿಟ್ಟವ್ರು ಯಾರು?" ಎಂದು ಚೀರಿದಳು. ಅದೇ ಕೈಯ ಆರತಿ ಬೇಕೆಂದು ಹೋದವಳು ಅವಳೇ!

ಕಾಕಿ ಏನಾದರೂ ಅನ್ನುವ ಮೊದಲು ನಮ್ಮವ್ವ ಎದ್ದು ನಿಂತಳು. ಅವ್ವ ಜನರೆದುರು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಗೊಂಬೆಯತ್ತ ಕೈ ಮಾಡಿ, "ಆಕಿ ಯಾರಂತ ನೀವು ಯಾಕ ಕೇಳಲಿಲ್ಲರಿ ಬೀಗ್ತೇರ?" ಅಂದಳು. ಅವ್ವ ನನ್ನನ್ನು ಮಣೆಯಿಂದ ಎಬ್ಬಿಸಿ ಒಳಗೆ ಕರೆದೊಯ್ದಳು.

ನಾನು ಉಳಿದೆ. ಕಾಕಿಯ ಕಸುಬು ಹೋಯಿತು. ಬೀಗಿತಿಯ ಆ ಒಂದು ಮಾತು ಅಮರಗೋಳದಿಂದ ಹಳೇ ಹುಬ್ಬಳ್ಳಿಯವರೆಗೆ ಹರಡಿತು. ಅಷ್ಟು ವರ್ಷ ಅವಳ ಕೈಯಿಂದಲೇ ಆರತಿ ಒಯ್ದು ಮಕ್ಕಳ ಮದುವೆ ಮಾಡಿದವರಿಗೆ ಅವಳು ವಿಧವೆಯೆಂದು ಆಗ ನೆನಪಾಯಿತು. ಶುಭಕಾರ್ಯ ನೋಡ್ರಿ, ಸುಮ್ಮನೆ ಯಾಕೆ ಅನ್ನುತ್ತಿದ್ದರು, ನಾಚಿಕೆಗೇಡಿಗಳು. ಮುಂದಿನ ಕಾರ್ತಿಕದಲ್ಲಿ ಒಲೆ ಹೊತ್ತಿಸಿ ಕೂತಳು, ಸಣ್ಣ ಮಕ್ಕಳ ಹೊರತು ಯಾರೂ ಬರಲಿಲ್ಲ. ಬರಬರುತ್ತ ಮಕ್ಕಳನ್ನೂ ಕಳಿಸಲಿಲ್ಲ. ಆ ಹುಡುಗಿ ಸುಟ್ಟು ಸತ್ತ ಕೇಸು ಎಂದೋ ಮುಚ್ಚಿಹೋಗಿತ್ತು. ಆ ಹುಡುಗನಿಗೆ ಬೇರೆ ಊರಿನ ಹೆಣ್ಣು ಸಿಕ್ಕಳು.

ಒಂದು ಮಹಿಳಾ ದಿನಕ್ಕೆ ವಿದ್ಯಾನಗರದ ಕಾಲೇಜೊಂದರಿಂದ ಇಬ್ಬರು ಬಂದಿದ್ದರು. ಜನಪದ ಕಲೆಯಲ್ಲಿ ಸ್ತ್ರೀ ಇತಿಹಾಸ ಎಂಬ ಪ್ರದರ್ಶನವಂತೆ. ರಾಣಿ, ಸೂಲಗಿತ್ತಿ, ಅಕ್ಕೋರು ಮೂವರ ಗೊಂಬೆಗಳನ್ನೂ ಬಹಳ ಮೆಚ್ಚಿ ಆರಿಸಿಕೊಂಡರು. ಸೆರಗು ಹೊದ್ದವಳನ್ನು ತಿರುಗಿಸಿ ನೋಡಿ, ಇವರ ಸಾಧನೆ ಏನು ಎಂದು ಕೇಳಿದರು.

"ಏನೂ ಇಲ್ಲರಿ. ಸುಟ್ಟು ಸತ್ತಳು" ಅಂದಳು ಕಾಕಿ.

ಅವರು ಅದನ್ನು ಕಟ್ಟೆಯ ಮೇಲೆ ಬಿಟ್ಟು, ಮೂರನ್ನು ಒಯ್ದರು. ಹಬ್ಬದ ಕಾರ್ಯಕ್ರಮ, ಬೇಡ ಅನ್ನಿಸಿತೇನೋ.

ಹೋದ ವರ್ಷ, ಇನ್ನೂ ಕಾರ್ತಿಕ ಬಂದಿರಲಿಲ್ಲ, ಕಾಕಿ ತೀರಿಕೊಂಡಳು. ದೂರದ ಸಂಬಂಧಿಕರು ಬಂದು ಮಣ್ಣು ಮಾಡಿದರು. ಮರಳಿ ಬಂದವರ ಸ್ನಾನಕ್ಕೆ ನೀರು ಕಾಯಿಸಲು ಕಟ್ಟಿಗೆ ಸಾಲದೆ ಅಚ್ಚುಗಳನ್ನೇ ಒಲೆಗೆ ಹಾಕಿದ್ದರು. ನಾನು ನೋಡುವಷ್ಟರಲ್ಲಿ ಎಲ್ಲ ಕೆಂಡವಾಗಿತ್ತು. ಅವರಿಗಾದರೂ ಏನು ಗೊತ್ತು, ಹಳೆಯ ಕಟ್ಟಿಗೆ ಅಂದುಕೊಂಡರು.

ಅದಕ್ಕೂ ಸ್ವಲ್ಪ ದಿನ ಮೊದಲು ಗಂಜಿ ತೆಗೆದುಕೊಂಡು ದವಾಖಾನೆಗೆ ಹೋಗಿದ್ದೆ. ಕಾಕಿಯ ಮೈಯೆಲ್ಲ ಬಾತಿತ್ತು, ಮಾತಿನ ಖಾರ ಮಾತ್ರ ಇಳಿದಿರಲಿಲ್ಲ. ಗಂಜಿಗೆ ಉಪ್ಪು ಹಾಕಲು ಯಾರೂ ಕಲಿಸಲಿಲ್ಲವೇ ಎಂದು ಬೈದಳು. ನನಗೆ ತಡೆಯಲಾಗಲಿಲ್ಲ. ನನ್ನ ಸಲುವಾಗಿ ನಿನ್ನ ಕಸುಬು ಹೋಯಿತು, ಕಟ್ಟೆ ಹಾಳುಬಿತ್ತು, ಜನ ನಿನ್ನ ಕೈ ನೀರು ಸಹ ಮುಟ್ಟದ ಹಾಗಾಯಿತು ಎಂದು ಅತ್ತುಬಿಟ್ಟೆ.

ಕಾಕಿ ನನ್ನನ್ನು ಪೂರ್ತಿ ಅಳಲು ಬಿಟ್ಟಳು. ಆಮೇಲೆ ಚಮಚ ಪಕ್ಕಕ್ಕೆ ಸರಿಸಿ, "ಹುಚ್ಚಿ" ಅಂದಳು. "ನಿನ್ನ ಅಚ್ಚು ಕೆತ್ತಸೂ ಪ್ರಸಂಗ ನನಗ ಬರಲಿಲ್ಲ. ಜೀವಂತ ನನ್ನ ಮುಂದ ಕುಂತು ಅಳಾಕತ್ತಿ. ಅಷ್ಟ ಸಾಕು ನನಗ."