ರಸ್ತೆಯಿಲ್ಲದ ಊರಿನ ಪಂಕ್ಚರ್ ವಾಸನೆ

ಮಾರೇನಹಳ್ಳಿಯ ಕುಸುಮಾ ಅವರಿಗೆ ಐವತ್ತಾರು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಊದುಬತ್ತಿ ಕಾರ್ಖಾನೆಯಲ್ಲೇ ಕಳೆದಿವೆ. ಮೊದಲು ಕಡ್ಡಿ ಹೊಸೆಯುತ್ತಿದ್ದರು, ಆಮೇಲೆ ಹಿಟ್ಟು ನಾದುತ್ತಿದ್ದರು. ಈಗ ಹೊರಗಿನಿಂದ ಬರುವ ಎಣ್ಣೆಗಳನ್ನು ಮೂಸಿ, ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳುವವರು ಅವರೇ. ಆದರೆ ಶನಿವಾರ ಆಂಜನೇಯನ ಗುಡಿಗೆ ತರುವ ಊದುಬತ್ತಿಯನ್ನು ಮಾತ್ರ ಮೂಸುವುದಿಲ್ಲ. ದೇವರಿಗಿಂತ ಮೊದಲು ನಮ್ಮ ಮೂಗು ಹೋಗಬಾರದು ಎನ್ನುತ್ತಾರೆ. ಆ ಗುಡಿಯ ಜಗಲಿಯ ಮೇಲೆ ಕೂತು, ನಾಲ್ಕು ಶನಿವಾರ, ಅವರು ನನಗೆ ವೈಬಾರುವಿನ ಕಥೆ ಹೇಳಿದರು. ಹೇಳುವಾಗ ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ.

ವೈಬಾರು ಇರುವುದು ಇಂಡೋನೇಷ್ಯಾದ ಪೂರ್ವ ತುದಿಯ ಒಂದು ಪುಟ್ಟ ದ್ವೀಪದಲ್ಲಿ. ನಲವತ್ತೆರಡು ಮನೆಗಳ ಊರು. ಅಲ್ಲಿಯವರು ಪಚೋಲಿ ಎಂಬ ಗಿಡದ ಎಲೆ ಒಣಗಿಸಿ, ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುತ್ತಾರೆ. ಒಂಬತ್ತು ವರ್ಷದಿಂದ ಆ ಎಣ್ಣೆ ಕುಸುಮಾ ಅವರ ಕಾರ್ಖಾನೆಗೆ ಬರುತ್ತಿತ್ತು. ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ, ಅದರ ಹಿಂದೆ ಅಜ್ಜಿಯ ಹಳೇ ಟ್ರಂಕಿನದು. ಅವರು ಆ ಊರನ್ನು ಬಲ್ಲದ್ದು ಅಷ್ಟೇ.

ಕಳೆದ ವರ್ಷ ಬಂದ ಎಣ್ಣೆಯ ಕ್ಯಾನಿನ ಮುಚ್ಚಳ ತೆಗೆದವರೇ ಕುಸುಮಾ ಮುಖ ಹಿಂದೆ ಎಳೆದುಕೊಂಡರು. ಮುಂದಿನ ಸಲದ್ದೂ ಹಾಗೇ. ಮಾಲೀಕ ಪುರುಷೋತ್ತಮ ಬಂದು ನಿಂತರು.

"ಏನ್ ಕುಸುಮಮ್ಮ, ಕೆಟ್ಟೋಯ್ತಾ?"

"ಎಣ್ಣೆ ಚೆನ್ನಾಗಿದೆ ಸಾರ್. ಅದರ ಮೇಲೆ ಇನ್ನೇನೋ ಬಂದು ಕೂತಿದೆ. ನಮ್ಮ ಬಸ್ ಸ್ಟಾಪ್ ಹತ್ರ ಪಂಕ್ಚರ್ ಅಂಗಡಿ ಇದೆಯಲ್ಲ, ಟ್ಯೂಬಿಗೆ ತೇಪೆ ಸುಡುವಾಗ ಬರುತ್ತಲ್ಲ, ಅದು."

ಸರಕು ತರಿಸುವ ಭೈರೇಶ್ ನಕ್ಕುಬಿಟ್ಟ. "ಆಂಟಿ, ಆ ಊರಲ್ಲಿ ರಸ್ತೆನೇ ಇಲ್ಲ. ಒಂದು ಸೈಕಲ್ ಕೂಡ ಇಲ್ಲ. ಪಂಕ್ಚರ್ ಯಾರಿಗೆ ಹಾಕ್ತಾರೆ, ಮೀನಿಗಾ?"

"ಅದು ನಂಗೊತ್ತಿಲ್ಲ ಕಣಪ್ಪ. ಮೂಗಿಗೆ ಬಂದದ್ದು ಹೇಳಿದೆ."

ಪುರುಷೋತ್ತಮ ವೈಬಾರುವನ್ನು ಬಿಟ್ಟು ಬೇರೆ ಕಡೆ ನೋಡೋಣ ಎಂದರು. ಅಷ್ಟು ದೂರದ ಊರಿಗೆ ಕೊಳ್ಳುವವರು ಇವರೊಬ್ಬರೇ ಎಂದು ಕುಸುಮಾ ಅವರಿಗೆ ಗೊತ್ತಿತ್ತು. ಒಂದ್ಸಲ ಯಾರಾದರೂ ಹೋಗಿ ನೋಡಬಾರದಾ ಎಂದು ಕೇಳಿದರು.

"ಯಾರು ಹೋಗ್ತಾರೆ? ನೀವು ಹೋಗ್ತೀರಾ?" ಎಂದು ಮಾಲೀಕರು ತಮಾಷೆಗೆ ಕೇಳಿದರು.

"ಹೋಗ್ತೀನಿ."

ಮೈಸೂರು ದಾಟಿ ಹೋಗದ ಹೆಂಗಸು ಪಾಸ್‌ಪೋರ್ಟ್ ಮಾಡಿಸಿದರು. ಮಾಲೀಕರ ಷರತ್ತು ಒಂದೇ: ವಾಪಸ್ ಬರುವಾಗ ಕೈಯಲ್ಲಿ ಶುದ್ಧ ಎಣ್ಣೆಯ ಒಂದು ಬಾಟಲಿ ಇರಬೇಕು. ಇಲ್ಲವಾದರೆ ವೈಬಾರುವಿನ ಲೆಕ್ಕ ಅಲ್ಲಿಗೆ ಮುಗಿಯಿತು.

ಮೂರು ವಿಮಾನ, ಆಮೇಲೆ ಹದಿನಾಲ್ಕು ಗಂಟೆ ದೋಣಿ. ಆ ದೋಣಿ ಇವರನ್ನು ಇಳಿಸಿ ಮುಂದಿನ ದ್ವೀಪಗಳಿಗೆ ಹೋಗಿ, ಮೂರನೆಯ ದಿನ ಮಧ್ಯಾಹ್ನ ಅದೇ ದಾರಿಯಲ್ಲಿ ಮರಳುತ್ತದೆ. ಅದು ತಪ್ಪಿದರೆ ಮುಂದಿನದು ಹತ್ತು ದಿನಕ್ಕೆ. ಜೊತೆಗೆ ಬಂದಿದ್ದ ಭೈರೇಶ್ ವಾಂತಿ ಮಾಡಿಕೊಂಡು ಮಲಗಿದ್ದ. ಕುಸುಮಾ ದೋಣಿಯ ಮೂತಿಯಲ್ಲಿ ನಿಂತಿದ್ದರು. ದಡ ಕಣ್ಣಿಗೆ ಬೀಳುವ ಮೊದಲೇ ಲವಂಗದ ವಾಸನೆ ಬಂತಂತೆ. "ಬಂತು ಏಳೋ, ಊರು ಬಂತು," ಎಂದು ಅವನನ್ನು ಎಬ್ಬಿಸಿದರು. ಅವನು ಎದ್ದು ನೋಡಿದರೆ ಬರೀ ನೀರು.

ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ನಡುವೆ ಕಂಬಗಳ ಮೇಲೆ ನಿಂತ ಮರದ ಮನೆಗಳು. ಪ್ರತಿ ಮನೆಯ ಮುಂದೆ ಚಾಪೆಯ ಮೇಲೆ ಲವಂಗ, ಹಿಂದೆ ತಡಿಕೆಯ ಮೇಲೆ ಮೀನು. ಬಿಳೀ ಮರಳಿನ ಒಂದೇ ಕಾಲುದಾರಿ. ಎರಡು ಕೋಣೆಯ ಶಾಲೆ, ಹಸಿರು ಬಣ್ಣದ ಚರ್ಚು. ಒಂದು ದೀವಿಹಲಸಿನ ಮರದ ಕೆಳಗೆ ಮಾತ್ರ ಫೋನಿಗೆ ಸಿಗ್ನಲ್ಲು. ಅಲ್ಲಿ ಯಾವಾಗಲೂ ನಾಲ್ಕು ಜನ ಕತ್ತು ಮೇಲೆತ್ತಿ ನಿಂತಿರುತ್ತಾರೆ. ಇಂಗ್ಲಿಷ್ ಬಲ್ಲ ಶಾಲೆಯ ಮೇಷ್ಟ್ರು ಹೇಳಿದ್ದನ್ನು ಭೈರೇಶ್ ಕನ್ನಡಕ್ಕೆ ತರುತ್ತಿದ್ದ.

ಮೊದಲ ದಿನವೆಲ್ಲ ಕುಸುಮಾ ಊರನ್ನು ಮೂಸಿದರು. ಕ್ಯಾನು, ಎಲೆ ಒಣಗಿಸುವ ಅಟ್ಟ, ಸೌದೆ, ತೊರೆಯ ನೀರು. ಬೆನ್ನ ಹಿಂದೆ ಮಕ್ಕಳ ಮೆರವಣಿಗೆ, ಇವರು ಮೂಸಿದ್ದನ್ನೆಲ್ಲ ಅವೂ ಮೂಸುತ್ತಿದ್ದವು. ತೊರೆಯ ಪಕ್ಕ, ಬಟ್ಟಿ ಇಳಿಸುವ ದೊಡ್ಡ ಹಂಡೆ ತೊಳೆದು ತಣ್ಣಗೆ ಕೂತಿತ್ತು. ಅದರಲ್ಲಿಯೂ ಆ ವಾಸನೆ ಇಲ್ಲ.

ಅಂದು ಊಟಕ್ಕೆ ಕರೆದವಳು ಮಾಮಾ ರುತ್; ಅಲ್ಲಿ ಮಾಮಾ ಎಂದರೆ ಅಮ್ಮ. ಎಪ್ಪತ್ತು ದಾಟಿದ ಹೆಂಗಸು, ಊರಿನ ಎಣ್ಣೆ ಕೆಲಸಕ್ಕೆಲ್ಲ ಹಿರಿಯಳು. ತಟ್ಟೆಗೆ ಬಿದ್ದದ್ದು ಸಾಗು ಎಂಬ ತಾಳೆಜಾತಿಯ ಮರದ ತಿರುಳಿನ ಹಿಟ್ಟಿಗೆ ಕುದಿನೀರು ಸುರಿದು ತಿರುವಿದ ಅಂಟಂಟಾದ ಗಂಜಿ, ಜೊತೆಗೆ ಮೀನಿನ ಸಾರು. ಅಗಿಯಬಾರದು, ನುಂಗಬೇಕು ಎಂದು ಮೇಷ್ಟ್ರು ಹೇಳಿಕೊಟ್ಟರು.

"ನಂಗೇ ಹೇಳಿಕೊಡ್ತಾರಲ್ಲೋ," ಎಂದು ಕುಸುಮಾ ನಕ್ಕರು. "ಹುಟ್ಟಿದಾಗಿನಿಂದ ಮುದ್ದೆ ನುಂಗ್ತಾ ಇದೀನಿ ಅಂತ ಹೇಳು." ಅವರು ನುಂಗಿದ್ದನ್ನು ನೋಡಿ ಮಾಮಾ ರುತ್ ಇನ್ನೊಂದು ಸೌಟು ಬಡಿಸಿದಳು.

ಎರಡನೆಯ ದಿನ ಬೆಳಿಗ್ಗೆ ಹಂಡೆಗೆ ಎಲೆ ತುಂಬಿ ಬೆಂಕಿ ಹಾಕಿದರು. ಮುಚ್ಚಳ ಬಿಸಿಯಾಯಿತು, ಹಬೆ ಏರಿತು. ಕುಸುಮಾ ಕೂತಲ್ಲಿಂದ ಎದ್ದೇಬಿಟ್ಟರು. ಮಾರೇನಹಳ್ಳಿ ಬಸ್ ಸ್ಟಾಪ್! ಹಂಡೆಯ ಸುತ್ತ ಬಗ್ಗಿ ಬಗ್ಗಿ ತಿರುಗಿ, ಮುಚ್ಚಳದ ಅಂಚಿನ ಕೆಳಗೆ ಬೆರಳು ತೋರಿಸಿದರು. ಅಲ್ಲಿ, ಸಂದಿಯೊಳಗೆ, ಲಾರಿ ಟ್ಯೂಬಿನಿಂದ ಕತ್ತರಿಸಿದ ಕಪ್ಪು ರಬ್ಬರಿನ ಪಟ್ಟಿ.

ಊರಿನವರ ಮುಖ ಅರಳಿತು. ಅದು ಅವರ ಹೆಮ್ಮೆ. ಮೊದಲೆಲ್ಲ ಹಬೆ ಹೊರಗೆ ಹೋಗದಂತೆ ಮುಚ್ಚಳದ ಸುತ್ತ ಸಾಗು ಹಿಟ್ಟು ಮೆತ್ತುತ್ತಿದ್ದರಂತೆ. ಅದನ್ನು ನಾದುವವಳು ಮಾಮಾ ರುತ್. ಎರಡು ವರ್ಷದ ಹಿಂದೆ ಅವಳ ಮಣಿಕಟ್ಟು ಸೋತಿತು. ಬೇರೆಯವರು ನಾದಿದರೆ ಗಂಟು ಉಳಿದು, ಬಿರುಕು ಬಿಟ್ಟು, ಹಬೆ ಸೋರುತ್ತಿತ್ತು. ಕೊಳ್ಳುವವರಿಗೆ ಕೆಟ್ಟ ಮಾಲು ಹೋಗಬಾರದೆಂದು ಪಟ್ಟಣದಿಂದ ದೋಣಿಯಲ್ಲಿ ಟ್ಯೂಬು ತರಿಸಿದರು. ಅವರ ಮೂಗಿಗೆ ಆ ವಾಸನೆ ಹೊಸ ಸಾಮಾನಿನ ವಾಸನೆ.

ಆ ರಬ್ಬರೇ ಎಣ್ಣೆ ಕೆಡಿಸುತ್ತಿದೆ ಎಂದು ಮೇಷ್ಟ್ರು ಊರಿನವರಿಗೆ ತಿಳಿಸಿದರು. ಮಾಮಾ ರುತ್ ತನ್ನ ಕೈ ನೋಡಿಕೊಂಡಳು.

"ಹಿಟ್ಟು ತನ್ನಿ," ಎಂದರು ಕುಸುಮಾ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರು. ಕುದಿನೀರು ಒಮ್ಮೆಗೇ ಹೊಯ್ಯಬಾರದು, ಕೋಲು ಒಂದೇ ದಿಕ್ಕಿಗೆ ತಿರುಗಬೇಕು, ಗಂಟು ಕಂಡರೆ ಪಾತ್ರೆಯ ಅಂಚಿಗೆ ಒತ್ತಿ ಒಡೆಯಬೇಕು. ಮೊದಲ ಉಂಡೆ ನೀರಾಯಿತು. ಎರಡನೆಯದನ್ನು ಮಾಮಾ ರುತ್ ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ತಲೆಯಾಡಿಸಿ, ಇನ್ನಷ್ಟು ಹಿಟ್ಟು ಉದುರಿಸಿದಳು. ಹದ ಹೇಳುವವಳು ಅವಳು, ತಿರುವುವ ತೋಳು ಇವರದು. ಇಬ್ಬರಿಗೂ ಭೈರೇಶನ ಅನುವಾದ ಬೇಕಾಗಲಿಲ್ಲ. ಮೂರನೆಯದು ಕೂಡಿಬಂತು. ಆಮೇಲೆ ಕುಸುಮಾ ಊರಿನ ಮೂವರು ಹುಡುಗಿಯರನ್ನು ಎದುರಿಗೆ ಕೂರಿಸಿಕೊಂಡು, ಅವರ ಉಂಡೆಯೂ ಒಡೆಯದೆ ನಿಲ್ಲುವವರೆಗೆ ಬಿಡಲಿಲ್ಲ. "ಸೊಸೆ ಆಗಿದ್ದರೆ ಬೈದಿರುತ್ತಿದ್ದೆ," ಎಂದು ನನಗೆ ಹೇಳಿ ನಕ್ಕರು.

ಮೂರನೆಯ ದಿನ ಬೆಳಕು ಹರಿಯುವಾಗಲೇ ಬೆಂಕಿ. ರಬ್ಬರ್ ಪಟ್ಟಿ ಕಿತ್ತು, ಹಂಡೆ ತೊಳೆದು, ಹುಡುಗಿಯರು ನಾದಿದ ಹಿಟ್ಟನ್ನೇ ಮೆತ್ತಿದ್ದರು. ಊರೆಲ್ಲ ತೊರೆಯ ಪಕ್ಕ ಸೇರಿತ್ತು. ಹಿಟ್ಟು ಬೆಂದು ಗಟ್ಟಿಯಾಯಿತು, ಎಲ್ಲಿಯೂ ಹಬೆ ಸೋರಲಿಲ್ಲ. ನಳಿಗೆಯಿಂದ ನೀರು ತೊಟ್ಟಿಕ್ಕಿತು, ನೀರಿನ ಮೇಲೆ ಎಣ್ಣೆ ತೇಲತೊಡಗಿತು. ಅಷ್ಟರಲ್ಲಿ ದೂರದಲ್ಲಿ ದೋಣಿ ಕಂಡಿತು.

"ಆಂಟಿ, ಬೇಗ ಮೂಸಿ," ಎಂದ ಭೈರೇಶ್.

ಕುಸುಮಾ ಬಗ್ಗುವಷ್ಟರಲ್ಲಿ ಮಾಮಾ ರುತ್ ಮೊದಲ ಬಟ್ಟಲನ್ನು ಎತ್ತಿಕೊಂಡು ಚರ್ಚಿನ ಕಡೆ ಹೊರಟಳು.

"ಅಯ್ಯೋ, ಅದೆಲ್ಲಿಗೆ? ಆಂಟಿ, ಹಿಡೀರಿ ಅವರನ್ನ."

"ಸುಮ್ನಿರೋ. ದೇವರಿಗೆ ಹೋಗ್ತಾ ಇದೆ. ಅದನ್ನ ಮೂಸೋ ಹಾಗಿಲ್ಲ."

"ದೋಣಿ ಬಂತು ಆಂಟಿ."

"ಬರಲಿ."

ದೋಣಿ ಕೂಗು ಹಾಕಿತು. ಎರಡನೆಯ ಬಟ್ಟಲು ಮೆಲ್ಲಗೆ ತುಂಬುತ್ತಿತ್ತು. ಚರ್ಚಿನಿಂದ ಮಾಮಾ ರುತ್ ವಾಪಸ್ ಬಂದು ಕಣ್ಣಲ್ಲೇ ಸನ್ನೆ ಮಾಡಿದಳು. ಕುಸುಮಾ ಕಾಗದದ ಪಟ್ಟಿ ಅದ್ದಿ ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ನಲವತ್ತೆರಡು ಮನೆಯವರು ಅವರ ಮುಖವನ್ನೇ ನೋಡುತ್ತಿದ್ದರು.

ಮಣ್ಣು. ನೆನೆದ ಮಣ್ಣು. ಅದರ ಹಿಂದೆ ಟ್ರಂಕು. ಬಸ್ ಸ್ಟಾಪ್ ಇಲ್ಲ.

 ಕುಸುಮಾ ಆ ಪಟ್ಟಿಯನ್ನು ಮಾಮಾ ರುತ್‌ಳ ಮೂಗಿನ ಹತ್ತಿರ ಹಿಡಿದರು. ಮುದುಕಿ ಮೂಸಿ, ಆ ಮೂವರು ಹುಡುಗಿಯರ ತಲೆಗೆ ಒಂದೊಂದು ಮೊಟಕಿದಳು. ಊರೆಲ್ಲ ಗೊಳ್ಳೆಂದಿತು. ಬಾಟಲಿ ತುಂಬಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲುದ್ದ ನೀರಿನಲ್ಲಿ ಓಡಿ ಕುಸುಮಾ ದೋಣಿ ಹತ್ತಿದರು.